ಜೈಲು ತುಂಬಿತು, ಅಪರಾಧ ಇಳಿಯಿತು: ಹಾಗಂತ ಇದರಿಂದಲೇ ಅದಾಯಿತಾ?

ಪ್ರಶ್ನೆ: ಸರ್, ನನಗೂ ನನ್ನ ಗೆಳೆಯನಿಗೂ ಬಹಳ ದಿನದಿಂದ ಒಂದು ವಾದ ನಡೆಯುತ್ತಿದೆ. ಅಮೆರಿಕದಲ್ಲಿ 1991ರ ನಂತರ ಜೈಲಿಗೆ ಹಾಕುವುದು ಜಾಸ್ತಿಯಾಯಿತು, ಅಪರಾಧ ಅರ್ಧಕ್ಕಿಳಿಯಿತು. ಎಲ್ ಸಾಲ್ವಡಾರ್‌ನಲ್ಲಿ ಗ್ಯಾಂಗಿನವರನ್ನೆಲ್ಲ ಒಳಗೆ ಹಾಕಿದರು, ಕೊಲೆಗಳು ನಿಂತೇ ಹೋದವು. ಇದಕ್ಕಿಂತ ಸಾಕ್ಷಿ ಬೇಕಾ ಅನ್ನುವುದು ನನ್ನ ವಾದ. ಅವನು ನೆದರ್ಲೆಂಡ್ಸ್ ತೋರಿಸುತ್ತಾನೆ. ಅಲ್ಲಿ ಜೈಲುಗಳನ್ನೇ ಮುಚ್ಚಿದರು, ಅಪರಾಧವೂ ಇಳಿಯಿತು ಅನ್ನುತ್ತಾನೆ. ನಾನು ಏನೇ ಹೇಳಿದರೂ "ಸಹಸಂಬಂಧ ಬೇರೆ, ಕಾರಣ ಬೇರೆ" ಅಂತ ಬಾಯಿ ಮುಚ್ಚಿಸುತ್ತಾನೆ. ಯಾರು ಸರಿ? ಇನ್ನೊಂದು ವಿಷಯ. ನಾರ್ವೆಯಲ್ಲಿ ಜೈಲಿಂದ ಬಂದವರಲ್ಲಿ ನೂರಕ್ಕೆ 20 ಜನ ಮಾತ್ರ ಮತ್ತೆ ಅಪರಾಧ ಮಾಡುತ್ತಾರೆ, ಅಮೆರಿಕದಲ್ಲಿ 68 ಜನ ಅನ್ನುತ್ತಾನೆ. ಇದು ನಿಜವಾ?

ಉತ್ತರ: ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದೀರಿ, ಅಷ್ಟೇ. ನೀವು ಒಂದು ಕಡೆಯಿಂದ, ಅವರು ಇನ್ನೊಂದು ಕಡೆಯಿಂದ. ಸಹಸಂಬಂಧ ಅಂದರೆ ಎರಡು ಸಂಗತಿಗಳು ಒಟ್ಟೊಟ್ಟಿಗೆ ಬದಲಾಗುವುದು, ಅದನ್ನೇ ಇಬ್ಬರೂ ಕಾರಣ ಅಂದುಕೊಂಡಿದ್ದೀರಿ. ಜೈಲಿನಿಂದ ಅಪರಾಧ ಒಂದಷ್ಟು ತಗ್ಗುತ್ತದೆ, ಅದಕ್ಕೆ ಒಳ್ಳೆಯ ಪುರಾವೆ ಇದೆ. ಆದರೆ ನೀವು ಹೇಳಿದ ಅಮೆರಿಕದ ಅಂಕಿ ಆ ಪುರಾವೆ ಅಲ್ಲ. ನೆದರ್ಲೆಂಡ್ಸಿನ ಅಂಕಿಯೂ ಅದನ್ನು ಸುಳ್ಳು ಮಾಡುವುದಿಲ್ಲ.

ಮೊದಲು ಅಮೆರಿಕದ ಗ್ರಾಫನ್ನೇ ಹತ್ತಿರದಿಂದ ನೋಡೋಣ. ಕೊಲೆ, ಅತ್ಯಾಚಾರ, ದರೋಡೆ, ತೀವ್ರ ಹಲ್ಲೆ ಇವಿಷ್ಟನ್ನು ಅಲ್ಲಿ ಹಿಂಸಾತ್ಮಕ ಅಪರಾಧ ಅಂತ ಒಟ್ಟಿಗೆ ಲೆಕ್ಕ ಹಾಕುತ್ತಾರೆ. 1991ರಲ್ಲಿ ಅದು ಲಕ್ಷ ಜನರಿಗೆ ಸುಮಾರು 758 ಇತ್ತು. 2014ರ ಹೊತ್ತಿಗೆ ಸುಮಾರು 362ಕ್ಕೆ ಇಳಿಯಿತು. ನೀವು ಹೇಳಿದ "ಅರ್ಧ" ಇದೇ. 1991ರಲ್ಲಿ ಲಕ್ಷಕ್ಕೆ ಸುಮಾರು 310 ಇದ್ದ ಕೈದಿಗಳ ಸಂಖ್ಯೆ 2007ರ ಹೊತ್ತಿಗೆ 500 ದಾಟಿತು. ಒಂದು ಗೆರೆ ಮೇಲೆ, ಒಂದು ಗೆರೆ ಕೆಳಗೆ. ನೋಡಿದ ತಕ್ಷಣ ಮನಸ್ಸಿಗೆ ನಾಟುತ್ತದೆ, ಒಪ್ಪುತ್ತೇನೆ.

ಈಗ ಗ್ರಾಫನ್ನು 1991ರಿಂದ ಅಲ್ಲ, 1972ರಿಂದ ಶುರು ಮಾಡಿ. ಆಗ ಕೈದಿಗಳು ಲಕ್ಷಕ್ಕೆ ನೂರೂ ಇರಲಿಲ್ಲ. ಮುಂದಿನ 19 ವರ್ಷದಲ್ಲಿ ಅದು ಮೂರು ಪಟ್ಟಿಗಿಂತ ಜಾಸ್ತಿಯಾಯಿತು. ಹಿಂಸಾತ್ಮಕ ಅಪರಾಧ ಇಳಿಯಿತಾ? ಇಲ್ಲ. ಲಕ್ಷಕ್ಕೆ 400ರ ಆಸುಪಾಸಿನಿಂದ 758ಕ್ಕೆ ಏರಿತು. ಹೆಚ್ಚುಕಡಿಮೆ ಎರಡು ಪಟ್ಟು. ಈ ತುಂಡನ್ನು ಮಾತ್ರ ಕತ್ತರಿಸಿ ತೋರಿಸಿದರೆ "ಜೈಲಿಗೆ ಹಾಕಿದಷ್ಟೂ ಅಪರಾಧ ಹೆಚ್ಚುತ್ತದೆ" ಅಂತ ಯಾರು ಬೇಕಾದರೂ ಭಾಷಣ ಮಾಡಬಹುದು. 2007ರಿಂದ 2019ರ ತುಂಡು ತೆಗೆದುಕೊಂಡರೆ ಮೂರನೇ ಕಥೆ. ಕೈದಿಗಳ ಪ್ರಮಾಣ 500ರಿಂದ 420ರ ಹತ್ತಿರಕ್ಕೆ ಇಳಿಯಿತು, ಹಿಂಸಾತ್ಮಕ ಅಪರಾಧವೂ ಇಳಿಯಿತು. ಒಂದೇ ದೇಶ, ಅವೇ ಎರಡು ಗೆರೆ. ಮೊದಲ ತುಂಡಿನಲ್ಲಿ ಎರಡೂ ಏರುತ್ತವೆ, ಮಧ್ಯದಲ್ಲಿ ಒಂದಕ್ಕೊಂದು ಎದುರಾಗಿ ಹೋಗುತ್ತವೆ, ಕೊನೆಯದರಲ್ಲಿ ಎರಡೂ ಇಳಿಯುತ್ತವೆ. ನಿಮಗೆ ಮಧ್ಯದ ತುಂಡು ಸಿಕ್ಕಿದೆ.

ಇನ್ನೂ ಒಂದು ತಮಾಷೆ ಇದೆ. ವರ್ಷಗಳನ್ನು ಬಿಟ್ಟು ರಾಜ್ಯಗಳನ್ನು ಹೋಲಿಸಿ. ಅಮೆರಿಕದಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಜನರನ್ನು ಜೈಲಲ್ಲಿಟ್ಟ ರಾಜ್ಯ ಅಂದರೆ ಬಹಳ ವರ್ಷ ಲೂಯಿಸಿಯಾನದ ಹೆಸರೇ ಬರುತ್ತಿತ್ತು. ಕೊಲೆ ಪ್ರಮಾಣದಲ್ಲೂ 1989ರಿಂದ ಸುಮಾರು ಮೂರು ದಶಕ ಅದೇ ಮೊದಲು. ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿ ಕೈದಿಗಳೂ ಕಡಿಮೆ, ಕೊಲೆಗಳೂ ಕಡಿಮೆ. ಇಲ್ಲಿ ಜೈಲೂ ಅಪರಾಧವೂ ಜೊತೆಜೊತೆಗೆ ಏರಿಳಿಯುತ್ತವೆ. ಅಂದರೆ 1991ರ ನಂತರದ ವರ್ಷಗಳನ್ನು ನೋಡಿದರೆ ಒಂದು ಉತ್ತರ, ರಾಜ್ಯಗಳನ್ನು ನೋಡಿದರೆ ಸರಿಯಾಗಿ ಅದರ ಉಲ್ಟಾ ಉತ್ತರ.

ಯಾಕೆ ಹೀಗಾಗುತ್ತದೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಜೈಲಿನ ವಿಷಯ ಅದಕ್ಕಿಂತ ತೊಡಕಿನದು. ಕಾಗೆಗೂ ಕೊಂಬೆಗೂ ಸಂಬಂಧವೇ ಇಲ್ಲ, ಸುಮ್ನೆ ಒಂದೇ ಹೊತ್ತಿಗೆ ಆಗಿದ್ದು. ಜೈಲಿಗೂ ಅಪರಾಧಕ್ಕೂ ಸಂಬಂಧ ಖಂಡಿತ ಇದೆ, ಎರಡೂ ದಿಕ್ಕಿನಲ್ಲಿ ಇದೆ. ಅಪರಾಧ ಹೆಚ್ಚಾದರೆ ಸಿಕ್ಕಿಬೀಳುವವರು ಹೆಚ್ಚು, ಜೈಲು ತುಂಬುತ್ತದೆ. ಜೈಲು ತುಂಬಿದರೆ ಹೊರಗೆ ಅಪರಾಧ ಮಾಡುವವರು ಒಂದಷ್ಟು ಕಡಿಮೆ. ಮೊದಲನೆಯದು ಎರಡೂ ಗೆರೆಗಳನ್ನು ಜೊತೆಗೆ ಎಳೆಯುತ್ತದೆ, ಎರಡನೆಯದು ದೂರ ತಳ್ಳುತ್ತದೆ. ಗ್ರಾಫಿನಲ್ಲಿ ನಮಗೆ ಕಾಣುವುದು ಇವೆರಡೂ ಕಳೆದು ಕೂಡಿ ಉಳಿದದ್ದು ಮಾತ್ರ. ಆ ಉಳಿಕೆಯಿಂದ ಯಾವುದು ಎಷ್ಟು ಅಂತ ಬೇರೆ ಮಾಡುವುದಕ್ಕೆ ಆಗುವುದಿಲ್ಲ.

ಜೊತೆಗೆ, ಜೈಲಿನ ಸಂಖ್ಯೆ ಆ ವರ್ಷದ ಸಂಗತಿಯನ್ನಷ್ಟೇ ಹೇಳುವುದಿಲ್ಲ. 1990ರಲ್ಲಿ 20 ವರ್ಷದ ಶಿಕ್ಷೆಯಾದವನು 2009ರ ಲೆಕ್ಕದಲ್ಲೂ ಇರುತ್ತಾನೆ. ಹಾಗಾಗಿ ಹೊರಗೆ ಅಪರಾಧ ಇಳಿದ ಮೇಲೂ ಒಳಗಿನ ಸಂಖ್ಯೆ ಎಷ್ಟೋ ವರ್ಷ ಏರುತ್ತಲೇ ಇರಬಹುದು. 1997ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅಪರಾಧ ಇಳಿಯುತ್ತಲೇ ಇದೆ, ಆದರೂ ಜೈಲು ತುಂಬುತ್ತಲೇ ಇದೆ ಅನ್ನುವ ಅರ್ಥದ ತಲೆಬರಹ ಬಂದಿತ್ತು. ಜೈಲಿನ ಪರ ಇದ್ದವರು ಅದನ್ನು ಹಿಡಿದು ವರ್ಷಗಟ್ಟಲೆ ಆಡಿಕೊಂಡರು. "ಆದರೂ" ಏನ್ರೀ, ಜೈಲು ತುಂಬಿದ್ದಕ್ಕೇ ಅಪರಾಧ ಇಳಿದದ್ದು ಅಂತ. ನನ್ನ ಪ್ರಕಾರ ಆಡಿಕೊಂಡವರದ್ದೂ ಅದೇ ತಪ್ಪು. "ಆದರೂ" ಅನ್ನುವುದಕ್ಕೂ "ಅದಕ್ಕೇ" ಅನ್ನುವುದಕ್ಕೂ ಆ ಎರಡು ಸಂಖ್ಯೆಗಳಲ್ಲಿ ಆಧಾರ ಇರಲಿಲ್ಲ.

ನಿಮ್ಮ ಗೆಳೆಯರ ನೆದರ್ಲೆಂಡ್ಸ್ ಕಥೆ ಇಲ್ಲೇ ಬಿದ್ದುಹೋಗುತ್ತದೆ. 2005ರ ಸುಮಾರಿಗೆ ಅಲ್ಲಿ 20 ಸಾವಿರ ದಾಟಿದ್ದ ಕೈದಿಗಳ ಸಂಖ್ಯೆ ಮುಂದಿನ ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕೋಣೆಗಳು ಖಾಲಿ ಬಿದ್ದವು. ಟಿಲ್ಬರ್ಗ್ ಊರಿನ ಜೈಲನ್ನು ಬೆಲ್ಜಿಯಂಗೆ ಬಾಡಿಗೆಗೆ ಕೊಟ್ಟರು, ನೊರ್ಗರ್‌ಹಾವನ್ ಜೈಲನ್ನು 2015ರಿಂದ ನಾರ್ವೆಗೆ ಕೊಟ್ಟರು. ಆದರೆ ಜೈಲು ಮುಚ್ಚಿದ್ದಕ್ಕೆ ಅಪರಾಧ ಇಳಿಯಿತು ಅನ್ನುವುದು ತಲೆಕೆಳಗಾದ ಓದು. ಗಂಭೀರ ಅಪರಾಧ ಕಡಿಮೆಯಾಯಿತು, ಶಿಕ್ಷೆಗೆ ಬರುವವರು ಕಡಿಮೆಯಾದರು, ಅದಕ್ಕೇ ಬಹುಮಟ್ಟಿಗೆ ಜೈಲು ಖಾಲಿಯಾಯಿತು. ಎರಡೂ ಒಟ್ಟಿಗೆ ಇಳಿದದ್ದು ನಿಜ. ಯಾವುದು ಯಾವುದನ್ನು ಎಳೆಯಿತು ಅನ್ನುವುದು ಬೇರೆ ಪ್ರಶ್ನೆ.

ಮೂರನೆಯ ಸಾಧ್ಯತೆಯೂ ಇದೆ. ಎರಡನ್ನೂ ಅಥವಾ ಅಪರಾಧವನ್ನು ಮಾತ್ರ ಬೇರೆ ಏನೋ ತಳ್ಳುತ್ತಿರಬಹುದು. ಇದಕ್ಕೆ ಕೆನಡಾ ಒಳ್ಳೆಯ ಕನ್ನಡಿ. 1990ರ ದಶಕದಲ್ಲಿ ಅಲ್ಲೂ ಅಪರಾಧ ಇಳಿಯಿತು. 1991ರಿಂದ 2000ದ ನಡುವೆ ಕೊಲೆ ಪ್ರಮಾಣ ಸುಮಾರು ಮೂರನೇ ಒಂದು ಭಾಗ ತಗ್ಗಿತು. ಅಮೆರಿಕದಷ್ಟು ಆಳವಾಗಿ ಅಲ್ಲ, ಆದರೆ ಅದೇ ಹೊತ್ತಿಗೆ, ಅದೇ ಆಕಾರದಲ್ಲಿ. ಕೆನಡಾ ಮಾತ್ರ ಜೈಲಿಗೆ ಹಾಕುವುದನ್ನು ಹೆಚ್ಚಿಸಿರಲಿಲ್ಲ. ಅಪರಾಧಶಾಸ್ತ್ರಜ್ಞ ಫ್ರಾಂಕ್ಲಿನ್ ಜಿಮ್ರಿಂಗ್ ಈ ಜೋಡಿಯನ್ನು ಮುಂದಿಟ್ಟು ಕೇಳಿದ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ: ಗಡಿಯ ಆಚೆ ಜೈಲು ಹೆಚ್ಚಿಸದೆಯೇ ಇಷ್ಟು ಇಳಿದಿದೆ ಅಂದಮೇಲೆ, ಈಚೆ ಆದ ಇಳಿತವನ್ನೆಲ್ಲ ಜೈಲಿನ ಖಾತೆಗೆ ಹೇಗೆ ಬರೆಯುತ್ತೀರಿ? ನ್ಯೂಯಾರ್ಕ್ ನಗರದ್ದೂ ಇಂಥದೇ ಪಾಠ. ಅಲ್ಲಿ 1990ರಲ್ಲಿ 2,245 ಕೊಲೆ, 2017ರಲ್ಲಿ 292. ಆ ರಾಜ್ಯದ ಕೈದಿಗಳ ಸಂಖ್ಯೆ 1999ರಲ್ಲೇ 72 ಸಾವಿರ ದಾಟಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತಾ ಹೋಯಿತು. ಕೊಲೆಗಳ ಇಳಿತ ನಿಲ್ಲಲಿಲ್ಲ.

ಕಠಿಣ ಕಾನೂನು ಬಂದ ಮೇಲೆ ಅಪರಾಧ ಇಳಿಯಿತು ಅನ್ನುವ ವಾದಕ್ಕೆ ಇನ್ನೊಂದು ದೌರ್ಬಲ್ಯವಿದೆ. ಇಂಥ ಕಾನೂನುಗಳು ಬರುವುದೇ ಜನರ ಭಯ ನೆತ್ತಿಗೇರಿದಾಗ, ಅಂದರೆ ಅಪರಾಧ ತುದಿಯಲ್ಲಿದ್ದಾಗ. ತುದಿ ಮುಟ್ಟಿದ್ದು ಸಾಮಾನ್ಯವಾಗಿ ತಾನಾಗೇ ಇಳಿಯುತ್ತದೆ. ಮೂರನೇ ಸಲ ಸಿಕ್ಕಿಬಿದ್ದರೆ ಜೀವಾವಧಿ ಅನ್ನುವ ಕಾನೂನನ್ನು ಕ್ಯಾಲಿಫೋರ್ನಿಯಾ 1994ರಲ್ಲಿ ತಂದಿತು. ಅಷ್ಟರಲ್ಲಾಗಲೇ ಇಳಿತ ಶುರುವಾಗಿತ್ತು. ಆ ಕಾನೂನೇ ಇಲ್ಲದ ರಾಜ್ಯಗಳಲ್ಲೂ ಅಪರಾಧ ಇಳಿಯಿತು.

ಇತ್ತೀಚಿನದೂ ಒಂದಿದೆ, ಇದನ್ನು ನಿಮ್ಮಂಥವರೇ ಜಾಸ್ತಿ ಬಳಸುತ್ತಾರೆ. 2020ರಲ್ಲಿ ಅಮೆರಿಕದ ಕೈದಿಗಳ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು 15% ಕುಸಿಯಿತು. ಕೊಲೆಗಳು ಸುಮಾರು 30% ಹೆಚ್ಚಿದವು. ಬಾಗಿಲು ತೆಗೆದರು, ಹೆಣ ಬಿದ್ದವು ಅಂತ ಎಷ್ಟು ಜನ ಬರೆದರೋ. ಆದರೆ ಆ ವರ್ಷ ಕೋವಿಡ್‌ನಿಂದ ಕೋರ್ಟುಗಳೇ ನಿಂತುಹೋಗಿ, ಒಳಗೆ ಹೋಗುವವರು ಕಡಿಮೆಯಾದದ್ದು ಆ ಕುಸಿತಕ್ಕೆ ಮುಖ್ಯ ಕಾರಣ. ಶಾಲೆ, ಕೆಲಸ, ಪೊಲೀಸ್ ಗಸ್ತು ಎಲ್ಲವೂ ಏರುಪೇರಾಗಿದ್ದವು. ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪುವರ್ಣೀಯನ ಹತ್ಯೆ ಪೊಲೀಸರ ಕೈಯಲ್ಲಿ ಆಗಿ ದೇಶವೇ ಬೀದಿಗಿಳಿದಿತ್ತು. ಬಂದೂಕು ಮಾರಾಟ ಹಿಂದೆಂದೂ ಇಲ್ಲದಷ್ಟು ಏರಿತ್ತು. ಒಂದೇ ವರ್ಷದಲ್ಲಿ ಇಷ್ಟೆಲ್ಲ ಆದಾಗ ಒಂದನ್ನು ಮಾತ್ರ ಹೆಕ್ಕಿ ಅದೇ ಕಾರಣ ಅನ್ನುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ. 2023 ಮತ್ತು 2024ರಲ್ಲಿ ಕೊಲೆಗಳು ವರ್ಷಕ್ಕೆ 10%ಕ್ಕಿಂತ ಜಾಸ್ತಿ ಇಳಿದವು. ಕೈದಿಗಳ ಸಂಖ್ಯೆ ಮಾತ್ರ ಕೋವಿಡ್‌ಗೆ ಮುಂಚಿನ ಮಟ್ಟಕ್ಕೆ ಮರಳಿರಲಿಲ್ಲ.

ಈಗ ಎಲ್ ಸಾಲ್ವಡಾರ್. ಇದನ್ನು ಬೇಗ ಮುಗಿಸುವುದು ಅನ್ಯಾಯ, ಯಾಕೆಂದರೆ ನಿಮ್ಮ ಪರವಾಗಿ ಇರುವ ಅತಿ ಬಲವಾದ ಉದಾಹರಣೆ ಇದೇ. 2022ರ ಮಾರ್ಚ್ ಕೊನೆಯಲ್ಲಿ ಅಲ್ಲಿ ಮೂರು ದಿನದಲ್ಲಿ 87 ಜನ ಕೊಲೆಯಾದರು. ಮಾರ್ಚ್ 27ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆಮೇಲೆ ಬಂಧಿಸಿದವರ ಸಂಖ್ಯೆ 80 ಸಾವಿರ ದಾಟಿತು. ಕೊಲೆ ಪ್ರಮಾಣ 2021ರಲ್ಲಿ ಲಕ್ಷಕ್ಕೆ ಸುಮಾರು 18 ಇದ್ದದ್ದು 2022ರಲ್ಲಿ 8ರ ಹತ್ತಿರ, 2023ರಲ್ಲಿ 2.4, 2024ರಲ್ಲಿ 1.9 ಆಯಿತು. ಇಷ್ಟು ದೊಡ್ಡ ಬದಲಾವಣೆ, ಇಷ್ಟು ಬೇಗ, ಘೋಷಣೆಯ ಬೆನ್ನಿಗೇ. ಇದರಲ್ಲಿ ಸೆರೆವಾಸದ ಪಾತ್ರವೇ ಇಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ. ಗ್ಯಾಂಗಿನವರೇ ಬೀದಿಯಲ್ಲಿ ಇಲ್ಲ ಅಂದಮೇಲೆ ಗ್ಯಾಂಗಿನ ಕೊಲೆ ತಗ್ಗಲೇಬೇಕು.

ಆದರೆ ಜನ ತೋರಿಸುವ ಗ್ರಾಫ್ ಸಾಮಾನ್ಯವಾಗಿ 2015ರಿಂದ ಶುರುವಾಗುತ್ತದೆ. ಆಗ ಪ್ರಮಾಣ ಲಕ್ಷಕ್ಕೆ 100 ದಾಟಿತ್ತು, ಜಗತ್ತಿನಲ್ಲೇ ಅತಿ ಹೆಚ್ಚಿನದರಲ್ಲಿ ಒಂದು. 2018ಕ್ಕೆ 51ರ ಹತ್ತಿರ, 2019ಕ್ಕೆ 36, 2021ಕ್ಕೆ 18. ಅಂದರೆ ನೂರರಿಂದ ಎರಡಕ್ಕೆ ಇಳಿದ ದಾರಿಯಲ್ಲಿ ಐದರಲ್ಲಿ ನಾಲ್ಕು ಭಾಗಕ್ಕಿಂತ ಜಾಸ್ತಿ ಸಾಮೂಹಿಕ ಬಂಧನಕ್ಕೆ ಮುಂಚೆಯೇ ಆಗಿತ್ತು. 2023ರಲ್ಲಿ ತೆರೆದ ದೈತ್ಯ ಜೈಲಿನ ಫೋಟೋ ಹಾಕಿ, ಪಕ್ಕದಲ್ಲಿ 2015ರಿಂದ ಇಳಿಯುವ ಗೆರೆ ಹಾಕುತ್ತಾರಲ್ಲ, ಅದು ಮೋಸ. ಮುಂಚಿನ ಇಳಿತ ಯಾಕಾಯಿತು? ಸರ್ಕಾರ ಗ್ಯಾಂಗ್ ನಾಯಕರ ಜೊತೆ ಗುಟ್ಟಾಗಿ ಮಾತುಕತೆ ಮಾಡಿತ್ತು ಅಂತ ಅಮೆರಿಕದ ಖಜಾನೆ ಇಲಾಖೆ 2021ರ ಡಿಸೆಂಬರ್‌ನಲ್ಲಿ ಆರೋಪಿಸಿ ಕೆಲವು ಅಧಿಕಾರಿಗಳ ಮೇಲೆ ನಿರ್ಬಂಧ ಹೇರಿತು. ಸರ್ಕಾರ ಅದನ್ನು ಅಲ್ಲಗಳೆದಿದೆ.

ಇದೇ ದೇಶದ 2012ರ ಕಥೆ ನಿಮಗೆ ಗೊತ್ತಿರಲಿಕ್ಕಿಲ್ಲ. ಆ ವರ್ಷ ಮಾರ್ಚ್‌ನಲ್ಲಿ ಗ್ಯಾಂಗ್ ನಾಯಕರನ್ನು ಬಿಗಿ ಭದ್ರತೆಯ ಜೈಲಿನಿಂದ ಸಾಮಾನ್ಯ ಜೈಲುಗಳಿಗೆ ಸಾಗಿಸಿದರು. ಬೆನ್ನಿಗೇ ಕೊಲೆಗಳು ಹತ್ತಿರ ಹತ್ತಿರ ಅರ್ಧದಷ್ಟಾದವು. 2011ರಲ್ಲಿ ಲಕ್ಷಕ್ಕೆ 70, 2012ರಲ್ಲಿ 41. ಬರೀ ಗ್ರಾಫ್ ನೋಡುವವನು ಇದನ್ನು ಹೇಗೆ ಓದಬೇಕು? ಜೈಲು ಸಡಿಲ ಮಾಡಿದರೆ ಕೊಲೆ ನಿಲ್ಲುತ್ತದೆ ಅಂತಾನಾ? ನಿಜವಾಗಿ ಆಗಿದ್ದು ಗ್ಯಾಂಗುಗಳ ನಡುವೆ ಕದನವಿರಾಮ. ನಾಯಕರನ್ನು ಸಾಗಿಸಿದ್ದು ಆ ಒಪ್ಪಂದದ ಒಂದು ಭಾಗ. ಒಪ್ಪಂದ ಮುರಿದುಬಿತ್ತು, 2015ರಲ್ಲಿ ಪ್ರಮಾಣ ನೂರು ದಾಟಿತು.

2022ರ ನಂತರದ ಇಳಿತವನ್ನೂ ಪೂರ್ತಿ ಜೈಲಿಗೆ ಕೊಡುವ ಮುನ್ನ ಎರಡು ವಿಷಯ ನೋಡಬೇಕು. ತುರ್ತು ಪರಿಸ್ಥಿತಿಯಲ್ಲಿ ಬಂದದ್ದು ಬರೀ ಸೆರೆವಾಸ ಅಲ್ಲ. ಬೀದಿಬೀದಿಯಲ್ಲಿ ಸೈನಿಕರು, ಇಡೀ ಪಟ್ಟಣಗಳಿಗೆ ಮುತ್ತಿಗೆ, ವಾರಂಟ್ ಇಲ್ಲದ ಬಂಧನ ಎಲ್ಲ ಒಟ್ಟಿಗೆ ಬಂದವು. ಎರಡನೆಯದು ಎಣಿಕೆ. ಪೊಲೀಸರ ಜೊತೆಗಿನ ಘರ್ಷಣೆಯಲ್ಲಿ ಸತ್ತವರನ್ನು ಅಧಿಕೃತ ಕೊಲೆ ಲೆಕ್ಕದಿಂದ ಬಿಟ್ಟಿದ್ದಾರೆ. ಅದನ್ನು ಸೇರಿಸಿದರೂ ದೊಡ್ಡ ಚಿತ್ರ ಬದಲಾಗಲಿಕ್ಕಿಲ್ಲ, ಆದರೆ 1.9 ಅನ್ನುವ ದಶಾಂಶದ ನಿಖರತೆ ಉಳಿಯುವುದಿಲ್ಲ. ತಪ್ಪಿಲ್ಲದೆ ಒಳಗೆ ಹೋದವರ ಲೆಕ್ಕ ಬೇರೆಯೇ ವಿಷಯ. ಅದು ನ್ಯಾಯದ ಪ್ರಶ್ನೆ, ಕಾರಣದ ಪ್ರಶ್ನೆಗೆ ಅದನ್ನು ಬೆರೆಸಬಾರದು. ಈ ಎರಡನ್ನು ಬೆರೆಸುವುದು ನಿಮ್ಮ ಗೆಳೆಯರಂಥವರ ಅಭ್ಯಾಸ. ಕ್ರಮ ಅನ್ಯಾಯದ್ದು, ಆದ್ದರಿಂದ ಅದು ಕೆಲಸ ಮಾಡಿರಲಾರದು ಅಂದುಕೊಳ್ಳುತ್ತಾರೆ.

ಹಾಗಾದರೆ ಗೊತ್ತಾಗುವುದು ಹೇಗೆ? ಜೈಲಿನ ಸಂಖ್ಯೆ ಅಪರಾಧಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ ಬದಲಾದ ಸಂದರ್ಭಗಳನ್ನು ಹುಡುಕಬೇಕು. ಸಂಶೋಧಕರು ದಶಕಗಳಿಂದ ಮಾಡುತ್ತಿರುವುದು ಇದನ್ನೇ. ನನಗೆ ತುಂಬಾ ಇಷ್ಟವಾದದ್ದು ಇಟಲಿಯದು.

2006ರ ಬೇಸಿಗೆಯಲ್ಲಿ ಇಟಲಿಯ ಸಂಸತ್ತು ಸಾಮೂಹಿಕ ಕ್ಷಮಾದಾನ ಕೊಟ್ಟಿತು. ಜೈಲುಗಳು ಕಿಕ್ಕಿರಿದಿದ್ದವು. ಪೋಪ್ ಎರಡನೇ ಜಾನ್ ಪಾಲ್ 2002ರಲ್ಲೇ ಸಂಸತ್ತಿಗೆ ಬಂದು ಕೈದಿಗಳಿಗೆ ದಯೆ ತೋರಿ ಅಂತ ಕೇಳಿದ್ದರು. ಎಲ್ಲರ ಶಿಕ್ಷೆಯಿಂದ ಮೂರು ವರ್ಷ ಕಳೆದರು. ಮಾಫಿಯಾ, ಭಯೋತ್ಪಾದನೆಯಂಥ ಕೆಲವು ಅಪರಾಧಗಳಿಗೆ ಮಾತ್ರ ಇದು ಅನ್ವಯಿಸಲಿಲ್ಲ. ಮೂರು ವರ್ಷಕ್ಕಿಂತ ಕಡಿಮೆ ಬಾಕಿ ಇದ್ದವರು ಆಗಸ್ಟ್‌ನಿಂದ ಹೊರಗೆ ಬಂದರು. ಸುಮಾರು 60 ಸಾವಿರ ಕೈದಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ, ಕೆಲವೇ ತಿಂಗಳಲ್ಲಿ. ಅಪರಾಧ ಹೆಚ್ಚಾಯಿತು ಅಥವಾ ಕಡಿಮೆಯಾಯಿತು ಅಂತ ಬಿಟ್ಟದ್ದಲ್ಲ, ಜಾಗ ಇಲ್ಲ ಅಂತ ಬಿಟ್ಟದ್ದು. ನಮಗೆ ಬೇಕಾದದ್ದು ಇದೇ. ಪಾವ್ಲೊ ಬುವನನ್ನೊ ಮತ್ತು ಸ್ಟೀವನ್ ರಫೇಲ್ ಲೆಕ್ಕ ಹಾಕಿದಾಗ, ಬಿಡುಗಡೆಯ ಬೆನ್ನಿಗೇ ಅಪರಾಧ, ಅದರಲ್ಲೂ ಕಳ್ಳತನ, ಹೆಚ್ಚಿದ್ದು ಸ್ಪಷ್ಟವಾಗಿ ಕಂಡಿತು. ಜೈಲು ಮತ್ತೆ ತುಂಬುತ್ತಾ ಬಂದಂತೆ ಅಪರಾಧವೂ ಇಳಿಯಿತು. ಇದನ್ನು ನಿಮ್ಮ ಗೆಳೆಯರಿಗೆ ಧಾರಾಳವಾಗಿ ತೋರಿಸಿ.

ಅದೇ ಕ್ಷಮಾದಾನದಲ್ಲಿ ಇನ್ನೊಂದು ಕಾಕತಾಳೀಯ ಪ್ರಯೋಗ ಅಡಗಿತ್ತು. ಬಿಡುಗಡೆಗೆ ಒಂದು ಷರತ್ತಿತ್ತು. ಐದು ವರ್ಷದೊಳಗೆ ಮತ್ತೆ ಗಂಭೀರ ಅಪರಾಧ ಮಾಡಿ ಸಿಕ್ಕಿಬಿದ್ದರೆ, ಹೊಸ ಶಿಕ್ಷೆಯ ಜೊತೆಗೆ ಹಳೆಯ ಬಾಕಿಯನ್ನೂ ಅನುಭವಿಸಬೇಕು. ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಒಂದೇ ಥರದ ಅಪರಾಧಕ್ಕೆ ನಾಲ್ಕು ವರ್ಷ. ಒಬ್ಬ ಒಳಗೆ ಹೋಗಿ 14 ತಿಂಗಳಾಗಿದೆ, ಅವನ ತಲೆಯ ಮೇಲೆ 34 ತಿಂಗಳ ಬಾಕಿ. ಇನ್ನೊಬ್ಬ 46 ತಿಂಗಳು ಕಳೆದಿದ್ದಾನೆ, ಅವನ ಬಾಕಿ ಎರಡೇ ತಿಂಗಳು. ಇಬ್ಬರೂ ಒಂದೇ ದಿನ ಹೊರಗೆ ಬಂದರು. ಇಬ್ಬರಲ್ಲಿರುವ ವ್ಯತ್ಯಾಸ ಜೈಲಿಗೆ ಹೋದ ತಾರೀಖು ಮಾತ್ರ. ಮತ್ತೆ ಕದಿಯುವ ಮುನ್ನ ಯಾರು ಎರಡು ಸಲ ಯೋಚಿಸುತ್ತಾರೆ? ಫ್ರಾನ್ಚೆಸ್ಕೊ ದ್ರಾಗೊ ಮತ್ತು ಸಂಗಡಿಗರು ಇದನ್ನು ಅಳೆದರು. ಬಾಕಿಯ ಪ್ರತಿ ಹೆಚ್ಚುವರಿ ತಿಂಗಳಿಗೆ ಮತ್ತೆ ಅಪರಾಧ ಮಾಡುವ ಸಂಭವ ಸುಮಾರು 1.3% ತಗ್ಗಿತು. ಶಿಕ್ಷೆಯ ಭಯಕ್ಕೂ ಒಂದು ಪರಿಣಾಮ ಇದೆ ಅಂತ ಇಷ್ಟು ಚೊಕ್ಕವಾಗಿ ತೋರಿಸಿದ ಅಧ್ಯಯನ ಕಡಿಮೆ.

ಅಮೆರಿಕದಲ್ಲೂ ಇಂಥವು ಇವೆ. ಜೈಲುಗಳು ಮಿತಿಮೀರಿ ತುಂಬಿವೆ ಅಂತ ಕೈದಿಗಳು ಕೋರ್ಟಿಗೆ ಹೋದ ರಾಜ್ಯಗಳಲ್ಲಿ ಕೈದಿಗಳ ಸಂಖ್ಯೆಯ ಏರಿಕೆ ನಿಧಾನವಾಯಿತು. 1996ರಲ್ಲಿ ಸ್ಟೀವನ್ ಲೆವಿಟ್ ಇದನ್ನು ಬಳಸಿ ಲೆಕ್ಕ ಹಾಕಿದಾಗ, ಜೈಲಿನ ಪರಿಣಾಮ ಹಿಂದಿನ ಅಂದಾಜುಗಳಿಗಿಂತ ಎರಡು ಮೂರು ಪಟ್ಟು ದೊಡ್ಡದಾಗಿ ಕಂಡಿತು. ಇದನ್ನು ಗಮನಿಸಿ. ಸಹಸಂಬಂಧವನ್ನು ಹಾಗೇ ನಂಬಿದ್ದರೆ ಇಲ್ಲಿ ಪರಿಣಾಮ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತಿತ್ತು. "ಸಹಸಂಬಂಧ ಕಾರಣವಲ್ಲ" ಅನ್ನುವ ಮಾತನ್ನು ಜನ ಯಾವಾಗಲೂ "ಹಾಗಾದರೆ ಪರಿಣಾಮವೇ ಇಲ್ಲ" ಅಂತ ಕೇಳಿಸಿಕೊಳ್ಳುತ್ತಾರೆ. ಅದು ಆ ಮಾತಿನಲ್ಲಿ ಇಲ್ಲ. ನಿಮ್ಮ ಗೆಳೆಯರು ನಿಮ್ಮ ಬಾಯಿ ಮುಚ್ಚಿಸಲು ಅದನ್ನು ಬಳಸಿ, ಮರುಕ್ಷಣವೇ ನೆದರ್ಲೆಂಡ್ಸಿನ ಸಹಸಂಬಂಧವನ್ನು ತಾವೇ ಕಾರಣ ಅಂತ ಮಾರುತ್ತಿದ್ದಾರೆ. ಅದನ್ನು ನೀವು ಹಿಡಿಯಬೇಕಿತ್ತು.

ಕ್ಯಾಲಿಫೋರ್ನಿಯಾದ್ದು ಬೇರೆ ಫಲಿತಾಂಶ. 2011ರಲ್ಲಿ ಸುಪ್ರೀಂ ಕೋರ್ಟು, ಸಾಮರ್ಥ್ಯದ 137.5%ಕ್ಕಿಂತ ಹೆಚ್ಚು ಜನರನ್ನು ತುಂಬಬಾರದು ಅನ್ನುವ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಿಂದ ಒಂದು ವರ್ಷದಲ್ಲಿ ರಾಜ್ಯದ ಜೈಲುಗಳಲ್ಲಿ ಸುಮಾರು 27 ಸಾವಿರ ಜನ ಕಡಿಮೆಯಾದರು. ಹಿಂಸಾತ್ಮಕ ಅಪರಾಧದಲ್ಲಿ ಗುರುತಿಸುವಂಥ ಬದಲಾವಣೆ ಕಾಣಲಿಲ್ಲ. ಹೆಚ್ಚಿದ್ದು ಮುಖ್ಯವಾಗಿ ಕಾರು ಕಳ್ಳತನ.

ಇಟಲಿಯಲ್ಲಿ ಜೋರು, ಕ್ಯಾಲಿಫೋರ್ನಿಯಾದಲ್ಲಿ ಮಂದ. ಇದರಲ್ಲಿ ವಿರೋಧ ಇಲ್ಲ. ಕಡಿಮೆ ಜನರನ್ನು ಒಳಗೆ ಹಾಕುವ ದೇಶದಲ್ಲಿ ಒಳಗಿರುವವರು ಸಾಮಾನ್ಯವಾಗಿ ಹೆಚ್ಚು ಅಪಾಯದವರು. ಅವರನ್ನು ಬಿಟ್ಟರೆ ಪರಿಣಾಮ ದೊಡ್ಡದು. ಹಾಕುತ್ತಾ ಹೋದಂತೆ ಮುಂದಿನವನು ಹಿಂದಿನವನಿಗಿಂತ ಸಣ್ಣ ಅಪರಾಧಿ. ಇಟಲಿಯೊಳಗೇ ಇದು ಕಂಡಿದೆ. ಮೊದಲೇ ಹೆಚ್ಚು ಜನರನ್ನು ಜೈಲಿಗೆ ಹಾಕಿದ್ದ ಪ್ರಾಂತ್ಯಗಳಲ್ಲಿ ಬಿಡುಗಡೆಯ ಪರಿಣಾಮ ಚಿಕ್ಕದಾಗಿತ್ತು. ವಯಸ್ಸೂ ಸೇರುತ್ತದೆ. ಅಪರಾಧ ಹದಿಹರೆಯದ ಕೊನೆ, ಇಪ್ಪತ್ತರ ಆರಂಭದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. 25ರಲ್ಲಿ ಒಳಗೆ ಹೋದವನನ್ನು 55ರವರೆಗೆ ಇಟ್ಟರೆ, ಕೊನೆಯ ಹತ್ತು ವರ್ಷದಲ್ಲಿ ನೀವು ತಡೆಯುವ ಅಪರಾಧ ಬಹಳ ಕಡಿಮೆ.

ಈಗ ನಿಮ್ಮ 1991ರ ಗ್ರಾಫಿಗೆ ವಾಪಸ್ ಬನ್ನಿ. ರಕರ್ ಜಾನ್ಸನ್ ಮತ್ತು ರಫೇಲ್ ಸೇರಿ ಅಮೆರಿಕದ ರಾಜ್ಯಗಳ ಅಂಕಿಗಳನ್ನು ಎರಡು ಕಾಲಕ್ಕೆ ಸೀಳಿ ನೋಡಿದರು, 1978ರಿಂದ 1990 ಒಂದು, 1991ರಿಂದ 2004 ಇನ್ನೊಂದು. ಪ್ರತಿ ಹೆಚ್ಚುವರಿ ಕೈದಿಯಿಂದ ತಡೆಯಲಾದ ಅಪರಾಧ ಮೊದಲ ಕಾಲದಲ್ಲಿ ಬಹಳ ಜಾಸ್ತಿ, ಎರಡನೆಯದರಲ್ಲಿ ಬಹಳ ಕಡಿಮೆ. ಅಂದರೆ ಗ್ರಾಫಿನಲ್ಲಿ ಜೈಲು ಕೆಲಸ ಮಾಡಿದ ಹಾಗೆ ಕಾಣುವ ಹೊತ್ತಿನಲ್ಲಿ ಅದು ಕಡಿಮೆ ಕೆಲಸ ಮಾಡುತ್ತಿತ್ತು. ಸೋತ ಹಾಗೆ ಕಾಣುವ ಹೊತ್ತಿನಲ್ಲಿ, ಇಲ್ಲದಿದ್ದರೆ ಇನ್ನೂ ಹೆಚ್ಚಾಗುತ್ತಿದ್ದ ಅಪರಾಧವನ್ನು ಅದು ತಡೆದಿತ್ತು. ಗೆರೆಗಳು ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2014ರ ವರದಿಯಲ್ಲಿ, ಜೈಲು ಹೆಚ್ಚಿದ್ದರಿಂದ ಅಪರಾಧ ತಗ್ಗಿರಬಹುದು, ಎಷ್ಟು ಅನ್ನುವುದು ಖಚಿತವಿಲ್ಲ, ಹೆಚ್ಚಿನ ಅಧ್ಯಯನಗಳ ಪ್ರಕಾರ ಅದು ದೊಡ್ಡದಾಗಿರಲಿಕ್ಕಿಲ್ಲ ಅಂದಿತು. ನನ್ನ ಅಭಿಪ್ರಾಯವೂ ಅದರ ಹತ್ತಿರವೇ ಇದೆ.

ಕೊನೆಗೆ ನಾರ್ವೆಯ 20, ಅಮೆರಿಕದ 68. ಎರಡೂ ನಿಜವಾದ ಅಂಕಿ, ಆದರೆ ಅವು ಅಳೆಯುವುದು ಬೇರೆ ಬೇರೆಯನ್ನು. ಅಮೆರಿಕದ 68 ಅಂದರೆ 2005ರಲ್ಲಿ 30 ರಾಜ್ಯಗಳಲ್ಲಿ ಬಿಡುಗಡೆಯಾದವರಲ್ಲಿ ಮೂರು ವರ್ಷದೊಳಗೆ ಮತ್ತೆ ಬಂಧನಕ್ಕೆ ಒಳಗಾದವರು. ಬರೀ ಬಂಧನ, ತಪ್ಪು ಸಾಬೀತಾಗಬೇಕಿಲ್ಲ. ನಾರ್ವೆಯ 20 ಅಂದರೆ ಎರಡು ವರ್ಷದೊಳಗೆ ಮತ್ತೆ ಶಿಕ್ಷೆಯಾದವರು. ಅಳತೆ ಬದಲಾದರೆ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ಅಮೆರಿಕದ ಅದೇ ಜನರಲ್ಲಿ ಐದು ವರ್ಷದ ಬಂಧನದ ಲೆಕ್ಕ 77, ಅದೇ ಐದು ವರ್ಷದ ಶಿಕ್ಷೆಯ ಲೆಕ್ಕ 55. ಮೇಲಾಗಿ, ಬೇರೆ ದೇಶಗಳಲ್ಲಿ ಜೈಲಿಗೇ ಹೋಗದ ಎಷ್ಟೋ ಸಣ್ಣ ತಪ್ಪಿನವರು ನಾರ್ವೆಯಲ್ಲಿ ಕೆಲವು ವಾರ, ಕೆಲವು ತಿಂಗಳಿಗೆ ಒಳಗೆ ಹೋಗಿಬರುತ್ತಾರೆ. ಅಂಥವರು ಲೆಕ್ಕದಲ್ಲಿದ್ದರೆ ಸರಾಸರಿ ತಾನಾಗೇ ಚೆನ್ನಾಗಿ ಕಾಣುತ್ತದೆ.

ಹಾಗಂತ ನಾರ್ವೆಯ ಜೈಲು ಒಳ್ಳೆಯದಲ್ಲ ಅಂತಲೂ ತೀರ್ಮಾನಿಸಬೇಡಿ, ಅಲ್ಲಿಗೂ ಸರಿಯಾದ ಪುರಾವೆ ಇದೆ. ಅಲ್ಲಿ ಯಾವ ಕೇಸು ಯಾವ ನ್ಯಾಯಾಧೀಶರಿಗೆ ಹೋಗುತ್ತದೆ ಅನ್ನುವುದು ಹೆಚ್ಚುಕಡಿಮೆ ಲಾಟರಿ ಇದ್ದ ಹಾಗೆ. ಕೆಲವರು ಬಿಗಿ, ಕೆಲವರು ಮೃದು. ಒಂದೇ ಥರದ ಇಬ್ಬರಲ್ಲಿ ಒಬ್ಬ ಜೈಲಿಗೆ, ಇನ್ನೊಬ್ಬ ಮನೆಗೆ. ಇದನ್ನು ಬಳಸಿ ಮಾಡಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೈಲಿಗೆ ಹೋದವರು ಐದು ವರ್ಷದೊಳಗೆ ಮತ್ತೆ ಅಪರಾಧ ಮಾಡುವ ಸಂಭವ 29 ಶೇಕಡಾವಾರು ಅಂಶಗಳಷ್ಟು, ಅಂದರೆ ನೂರಕ್ಕೆ 29 ಜನರಷ್ಟು, ಕಡಿಮೆ ಇತ್ತು. ಅಮೆರಿಕದ ಷಿಕಾಗೊ ಪ್ರದೇಶದ ಬಾಲಾಪರಾಧಿಗಳ ಬಗ್ಗೆ ಇದೇ ವಿಧಾನದಲ್ಲಿ ಅನ್ನಾ ಐಸರ್ ಮತ್ತು ಜೋಸೆಫ್ ಡಾಯ್ಲ್ ಮಾಡಿದ ಅಧ್ಯಯನದ ಫಲಿತಾಂಶ ತದ್ವಿರುದ್ಧ. ಬಂಧನ ಗೃಹಕ್ಕೆ ಹೋದ ಹುಡುಗರು ಹೈಸ್ಕೂಲು ಮುಗಿಸುವ ಸಂಭವ 13 ಅಂಶ ಕಡಿಮೆಯಾಯಿತು, ದೊಡ್ಡವರಾದ ಮೇಲೆ ಜೈಲು ಸೇರುವ ಸಂಭವ 23 ಅಂಶ ಹೆಚ್ಚಾಯಿತು. ನಾರ್ವೆಯಲ್ಲೂ ಲಾಭ ಎಲ್ಲರಿಗೂ ಆಗಲಿಲ್ಲ. ಒಳಗೆ ಹೋಗುವ ಮುನ್ನ ಕೆಲಸವೇ ಇಲ್ಲದಿದ್ದವರು ಜೈಲಿನ ತರಬೇತಿಯಿಂದ ಕೆಲಸ ಹಿಡಿದರು, ಇಳಿತ ಬಂದದ್ದು ಅವರಿಂದ. ಮೊದಲೇ ಕೆಲಸದಲ್ಲಿದ್ದವರಿಗೆ ಜೈಲಿಂದ ಸಿಕ್ಕಿದ್ದು ಇದ್ದ ಕೆಲಸ ಕಳೆದುಕೊಂಡದ್ದು ಮಾತ್ರ.